ತಾರವ್ವನಿಗಾಗಿ ನಡೆದ ಅಕ್ಷರಗಳು

ಒಂದಾನೊಂದು ಊರಲ್ಲಿ, ದೂರದ ಊರೇನಲ್ಲ, ಮಗ್ಗದ ಸದ್ದಿಲ್ಲದೆ ಯಾರಿಗೂ ಬೆಳಗಾಗದ ಬನಹಟ್ಟಿಯಲ್ಲೇ, ಸಂಧ್ಯಾ ಎಂಬ ಮೊಮ್ಮಗಳೊಬ್ಬಳು ತನ್ನ ಅಜ್ಜಿಗೆ ಮಾತು ಕೊಟ್ಟಿದ್ದಳು. ಹುಲಿಯ ಹಾಲು ತರುತ್ತೇನೆ, ಏಳು ಸಮುದ್ರ ದಾಟುತ್ತೇನೆ ಎಂದು ಕಥೆಯ ರಾಜಕುಮಾರರು ಕೊಡುತ್ತಾರಲ್ಲ, ಅಂಥದ್ದೇ ಮಾತು.

"ಆಯಿ, ನಿನ್ನ ಕಥಿ ನೀನ ಓದೂಹಂಗ ಮಾಡತೇನಿ."

ಅಜ್ಜಿ ತಾರವ್ವ ಅರವತ್ತು ದಾಟಿದ ಮೇಲೆ ಸಂಜೆಯ ಸಾಕ್ಷರತಾ ವರ್ಗಕ್ಕೆ ಹೋಗಿ ಅಕ್ಷರ ಕಲಿತವಳು. ಬಸ್ಸಿನ ಬೋರ್ಡು, ಸಾಬೂನಿನ ಕಾಗದ, ಸಿಕ್ಕಿದ್ದನ್ನೆಲ್ಲ ಓದುತ್ತಿದ್ದಳು. ಆ ಸುಖ ಬಹಳ ದಿನ ಉಳಿಯಲಿಲ್ಲ. ಒಂದು ಕಣ್ಣು ಪೂರ್ತಿ ಹೋಯಿತು. ಇನ್ನೊಂದರ ಒಳಪರದೆಯೂ ಒಣಗುತ್ತಿದೆ, ಚಸ್ಮಾದಿಂದ ಆಗುವುದಲ್ಲ ಎಂದು ಜಮಖಂಡಿಯ ಡಾಕ್ಟರು ಹೇಳಿಬಿಟ್ಟರು. ನೋಡಿದ ಕಡೆಯೆಲ್ಲ ನಟ್ಟನಡುವೆ ಒಂದು ಬೂದಿ ಮಚ್ಚೆ. ಎದುರು ನಿಂತವರಿಗೆ ಕಿವಿಯಿದೆ, ಮುಖವಿಲ್ಲ. "ನಿಮ್ಮವ್ವನ ಮಾರಿ ಯಾರೋ ಒರಿಸಿಟ್ಟಾರ ನೋಡು," ಎಂದು ಸಂಧ್ಯಾಳಿಗೆ ಹೇಳಿ ನಗುತ್ತಿದ್ದಳು.

ಸಂಧ್ಯಾ ಸೀರೆ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದಳು. ಒಂದು ಮಧ್ಯಾಹ್ನ, ಅಂಗಡಿಯೊಂದರ ಹೆಸರಿನ ಅಕ್ಷರಗಳು ಪರದೆಯ ಮೇಲೆ ಒಂದೊಂದಾಗಿ ಹಾರಿಬರುವಂತೆ ಮಾಡುತ್ತಿದ್ದಾಗ, ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ತಾರವ್ವನ ಕೈ ನಿಂತಿತು.

"ಸ ಹೋತಲ್ಲಬೇ."

"ಏನಂದಿ?"

"ಈಗೊಂದು ಸ ಹಾರಿ ಹೋತು. ಅದರ ಹಿಂದ ರ ಬಂತು. ನಿಂತದ್ದು ಕಾಣಂಗಿಲ್ಲ ನನಗ, ಓಡಾಡೂದು ಕಾಣತೈತಿ. ಗ್ವಾಡಿ ಮ್ಯಾಲಿನ ಹಲ್ಲಿ ಕಾಣತೈತಿ, ಗಡಿಯಾರ ಕಾಣಂಗಿಲ್ಲ."

ಮಾತು ಕೊಟ್ಟದ್ದು ಅವತ್ತೇ. ಯಾವ ಕಥೆಯೆಂದು ಕೇಳಬೇಕಿರಲಿಲ್ಲ. ತೊದಲು ಮಾತಿನ ದಿನಗಳಿಂದ ಸಂಧ್ಯಾ ಕೇಳಿದ್ದ, ನೆರಳಿಲ್ಲದ ಬೆಳ್ಳಕ್ಕಿಯ ಕಥೆ. ಕೃಷ್ಣೆಯ ದಂಡೆಯ ಆ ಹಕ್ಕಿ ಹೊಳೆ ದಾಟಿ ನೇಕಾರನ ಮನೆಗೆ ಬಂದು, ನನಗೊಂದು ನೆರಳು ನೇಯ್ದು ಕೊಡು ಎನ್ನುತ್ತದೆ.

ಮೊದಲ ಸಲ ಸಂಧ್ಯಾ ಸೋತಳು. ಅಕ್ಷರಗಳನ್ನು ಬಿಡಿಸುವಾಗ ಕಂಪ್ಯೂಟರು ಒತ್ತುಗಳನ್ನೂ ಕಿತ್ತುಹಾಕಿತು. ಬೆಳ್ಳಕ್ಕಿಯ ಬದಲು ಅದರ ತುಂಡುಗಳು ಹಾರಿಬಂದವು. "ಹಕ್ಕಿ ಕಾಲ ಮುರದೀಯಲ್ಲ," ಎಂದಳು ತಾರವ್ವ. ಕೆಲವು ದಿನ ಹೆಣಗಿ, ಒತ್ತು ತನ್ನ ಅಕ್ಷರವನ್ನು ಬಿಡದೆ ನಡೆಯುವಂತೆ ಸಂಧ್ಯಾ ಸರಿಮಾಡಿದಳು. ಅಂಗೈಯಗಲದ ಅಕ್ಷರಗಳು ಬಲದಿಂದ ಎಡಕ್ಕೆ ಸಾಗಿದವು. ತಾರವ್ವ ಕತ್ತು ಓರೆ ಮಾಡಿ, "ಒಂ... ದು... ಬೆ..." ಎಂದಳು. ಪರದೆಯನ್ನು ಅಂಗೈಯಿಂದ ಸವರಿದಳು.

"ಇಷ್ಟ ಸಾಕು. ಪೂರಾ ಕಥಿ ಹಾಕಿಬಿಡು."

ಹಾಕಿಬಿಡಬಹುದಿತ್ತು. ಆದರೆ ಅರ್ಧ ಬದುಕನ್ನು ಕನಸಿನಲ್ಲೇ ಕಳೆಯುವ ಹುಡುಗಿಗೆ ಅಷ್ಟು ಸಾಕಾಗಲಿಲ್ಲ. ಹೊಳೆ ಎಂಬಲ್ಲಿ ಅಕ್ಷರ ಅಲೆಯಾಗಿ ಏಳಬೇಕು, ಮಗ್ಗ ಎಂಬಲ್ಲಿ ಲಾಳಿಯಂತೆ ಆಚೀಚೆ ಓಡಬೇಕು, ಬೆಳ್ಳಕ್ಕಿ ರೆಕ್ಕೆ ಬಡಿಯಬೇಕು.

"ಯಾವಾಗ ಮುಗಸ್ತೀಬೇ?"

"ಇರು ಆಯಿ, ಚಂದ ಮಾಡಾಕತ್ತೇನಿ."

"ಅಕ್ಷರಕ್ಕೇನ ವರಾ ನೋಡಾಕತ್ತೀಯೇನ, ಇಷ್ಟ ಸಿಂಗಾರ ಮಾಡಾಕ?"

ಮಳೆಗಾಲ ಹೋಯಿತು. ಕಬ್ಬಿನ ಗಾಡಿಗಳು ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆ ಹೊರಟವು. ಅಕ್ಷರಗಳು ಕುಣಿಯುತ್ತಲೇ ಇದ್ದವು, ಕಥೆ ಮಾತ್ರ ಅರ್ಧಕ್ಕೆ ನಿಂತಿತ್ತು.

ಒಂದು ಬೆಳಗ್ಗೆ ತಾರವ್ವ ಹಾಸಿಗೆಯಲ್ಲೇ ಎದ್ದು ಕೂತು ಸೊಸೆಯನ್ನು, ಸಂಧ್ಯಾಳ ಅವ್ವನನ್ನು, ಕೂಗಿದಳು. "ರುಕ್ಮವ್ವ, ಕದಾ ತಗಿಯವ್ವಾ, ಎಷ್ಟ ಕತ್ತಲಿ."

ಕದ ತೆರೆದೇ ಇತ್ತು. ಬಿಸಿಲು ಅವಳ ಮಡಿಲಲ್ಲೇ ಬಿದ್ದಿತ್ತು. ಉಳಿದಿದ್ದ ಕಣ್ಣೊಳಗೆ ರಕ್ತ ಇಳಿದಿದೆ, ಇನ್ನು ಬೆಳಕು ಬರುವುದಿಲ್ಲ ಎಂದರು ಡಾಕ್ಟರು.

ಸಂಧ್ಯಾ ಲ್ಯಾಪ್‌ಟಾಪ್ ಮುಚ್ಚಿಟ್ಟಳು. ವಾರ ಕಳೆದ ಮೇಲೆ ತಾರವ್ವನೇ ಕರೆದಳು.

"ಮಾತ ಕೊಟ್ಟೀದಿ. ಮುಗಸು."

"ಯಾರ ಸಲುವಾಗಿ ಮುಗಸಲಿ ಆಯಿ?"

ತಾರವ್ವ ತಡಕಾಡಿ ಮುಚ್ಚಿಟ್ಟ ಲ್ಯಾಪ್‌ಟಾಪನ್ನು ಮೊಮ್ಮಗಳ ಕಡೆ ತಳ್ಳಿದಳು.

ಸಂಧ್ಯಾ ಅಲೆ ತೆಗೆದಳು, ಲಾಳಿ ತೆಗೆದಳು, ರೆಕ್ಕೆ ಕಿತ್ತಳು. ಬರೀ ನಡೆಯುವ ಅಕ್ಷರಗಳು ಉಳಿದವು. ಪೂರಾ ಕಥೆ ಹಾಕಲು ಹಿಡಿದದ್ದು ಎರಡೇ ದಿನ. ಎರಡೇ ದಿನ ಎಂಬುದು ಅವಳ ಎದೆಯನ್ನು ಬಗೆಯಿತು.

ತಾರವ್ವನನ್ನು ಪರದೆಯ ಎದುರು ಕೂರಿಸಿದರು. ಅವಳು ಮೊದಲಿನಂತೆಯೇ ಕತ್ತು ಓರೆ ಮಾಡಿದಳು. "ಒಂದು... ಬೆಳ್ಳಕ್ಕಿ ಇತ್ತು. ಅದಕ್ಕ... ನೆರಳ ಇದ್ದಿಲ್ಲ..." ಒಂದೊಂದು ಅಕ್ಷರ ಹುಡುಕುವವಳಂತೆ ತಡೆತಡೆದು ಹೇಳತೊಡಗಿದಳು.

"ಓದಾಕತ್ತಾಳ ನೋಡು," ಎಂದು ರುಕ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಂಧ್ಯಾ ಪರದೆ ನೋಡಿದಳು. ಅಜ್ಜಿಯ ಬಾಯಲ್ಲಿ ಬೆಳ್ಳಕ್ಕಿ ಆಗಲೇ ನೇಕಾರನ ಕದ ಬಡಿಯುತ್ತಿತ್ತು. ಪರದೆಯ ಮೇಲಿನ ಬೆಳ್ಳಕ್ಕಿ ಇನ್ನೂ ಹೊಳೆ ದಾಟಿರಲಿಲ್ಲ.

ತಾರವ್ವ ಕಥೆಯನ್ನು ಕೊನೆಯವರೆಗೂ ಮುಟ್ಟಿಸಿದಳು.

"ಹೆಂಗ ಓದಿದ್ನಿ?" ಎಂದು ಗೋಡೆಯತ್ತ ತಿರುಗಿ ಕೇಳಿದಳು. ಸಂಧ್ಯಾ ಇನ್ನೊಂದು ಬದಿಗಿದ್ದಳು.

"ಛಲೋ ಓದಿದಿ ಆಯಿ."

ರುಕ್ಮವ್ವ ಚಹಾ ಇಡಲು ಎದ್ದುಹೋದಳು. ತಾರವ್ವ ಕಣ್ಣು ಮುಚ್ಚಿಕೊಂಡಳು; ಮುಚ್ಚಿದರೂ ತೆರೆದರೂ ಅವಳಿಗೀಗ ಒಂದೇ. ಪರದೆಯ ಮೇಲೆ ಅರ್ಧ ಕಥೆ ಉಳಿದಿತ್ತು. ನಿಲ್ಲಿಸಲು ಸಂಧ್ಯಾಳಿಗೆ ಮನಸ್ಸು ಬರಲಿಲ್ಲ. ಯಾರಿಗಾಗಿ ನಡೆಯಬೇಕಿತ್ತೋ ಅವಳ ಎದುರೇ ಅಕ್ಷರಗಳು ಒಂದರ ಹಿಂದೊಂದು ನಡೆದು ಹೋದವು. ಕೊನೆಯದು ಎಡದಂಚಿಗೆ ಬಂದು ಹೊರಗೆ ಸರಿಯಿತು. ಕೊಟ್ಟ ಮಾತು ಮುಗಿಯಿತು.