ನಾಲ್ಕು ರಾಡು, ನಾಲ್ಕು ಕ್ಯಾಪು

ಗ್ಯಾರೇಜಿನವನಿಗೆ ಡಾಕ್ಟರು ಅಂತ ಹೆಸರಿಟ್ಟದ್ದು ಯಾರೋ ತಮಾಷೆಗೆ. ಅವನು ಮಾತ್ರ ಅದನ್ನು ಓದಿ ಗಳಿಸಿದ ಪದವಿಯಂತೆ ಹೊತ್ತುಕೊಂಡು ಓಡಾಡುತ್ತಿದ್ದ. ಹೆಂಡತಿ ಓಡಿಸುವ ಸ್ಕೂಲ್ ವ್ಯಾನು ನೀಲಿ ಹೊಗೆ ಉಗುಳತೊಡಗಿದಾಗ, "ರಜೆ ಮುಗಿಯೋದ್ರೊಳಗೆ ಹೊಸ ಎಂಜಿನ್ ಥರ ಮಾಡ್ಕೊಡ್ತೀನಿ, ನೀನು ನಿಶ್ಚಿಂತೆಯಾಗಿರು" ಅಂದಿದ್ದ.

ನಿಶ್ಚಿಂತೆಯಾಗಿದ್ದು ಅವನೇ. ರಜೆ ಮುಗಿಯುತ್ತ ಬಂತು, ಮಾರನೆಯ ದಿನ ಶಾಲೆ ಶುರು. ವ್ಯಾನು ಬಾರದಿದ್ದರೆ ಅದರಲ್ಲಿ ಬರುವ ಮಕ್ಕಳನ್ನು ಈ ವರ್ಷಕ್ಕೆ ಬೇರೆ ಗಾಡಿಗೆ ಕೊಟ್ಟುಬಿಡುತ್ತೇವೆ ಎಂದು ಶಾಲೆಯ ಗುಮಾಸ್ತರು ಬೆಳಿಗ್ಗೆಯೇ ಫೋನು ಮಾಡಿದ್ದರು. "ಸಂಜೆಯೊಳಗೆ ಹೇಳ್ತೀನಿ ಸಾರ್" ಎಂದು ಅವಳು ಹೇಳಿದ್ದಳು. ಮೊದಲ ತಿರುವಿನಲ್ಲಿ ಹತ್ತಿ ಕೊನೆಯ ತಿರುವಿನವರೆಗೂ ಬಾಯಿ ಮುಚ್ಚದ ಆ ಮಕ್ಕಳು ಬೇರೆ ಯಾರದೋ ಬೆನ್ನ ಹಿಂದೆ ಕೂತು ಹರಟುವುದನ್ನು ನೆನೆಯಲೂ ಅವಳಿಗೆ ಮನಸ್ಸಿರಲಿಲ್ಲ.

ಅವಳು ಟೀ ಹಿಡಿದು ಗ್ಯಾರೇಜಿಗೆ ಬಂದಾಗ ಡಾಕ್ಟರು ಎಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತು ಉದ್ದನೆಯ ಪಾನಾದಿಂದ ಕ್ರ್ಯಾಂಕ್ ತಿರುಗಿಸಲು ಹೆಣಗುತ್ತಿದ್ದ. ಅದು ಜಗ್ಗಲಿಲ್ಲ.

"ಏನಂತೆ ಪೇಷಂಟು?"

"ಸ್ವಲ್ಪ ಬಿಗಿ ಇದೆ."

"ಸ್ವಲ್ಪಾನಾ? ನಿಮ್ಮ ಕಿವಿ ಕೆಂಪಾಗಿದೆ ರೀ."

ಅಷ್ಟರಲ್ಲಿ ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. "ನೋಡಮ್ಮಾ, ನಿನ್ನೆ ಎಷ್ಟು ಚೆನ್ನಾಗಿ ಜೋಡಿಸಿಟ್ಟಿದ್ದೆ! ಎಂಜಿನ್ ಸಾಮಾನೆಲ್ಲ ಟ್ರೇಯಲ್ಲಿ ಮಸಿ ಹಿಡಿದು ಬಿದ್ದಿದ್ವು. ಸೀಮೆಎಣ್ಣೆಯಲ್ಲಿ ತೊಳೆದು, ಉದ್ದಂದೆಲ್ಲ ಒಂದು ಸಾಲು, ಗಿಡ್ಡಂದೆಲ್ಲ ಒಂದು ಸಾಲು. ಪಳಪಳ ಅಂತಿತ್ತು."

ಡಾಕ್ಟರು ಪಾನಾ ಕೆಳಗಿಟ್ಟ. ಬಹಳ ಮೆಲ್ಲಗೆ ಇಟ್ಟ.

ವಿಷಯ ಇಷ್ಟೇ. ಪಿಸ್ಟನ್ ಹಿಡಿದಿರುವ ನಾಲ್ಕು ರಾಡುಗಳು. ಪ್ರತಿ ರಾಡಿನ ಬುಡಕ್ಕೂ ಅರ್ಧಚಂದ್ರದಂಥ ಒಂದು ಕ್ಯಾಪು. ಎರಡೂ ಸೇರಿ ಕ್ರ್ಯಾಂಕ್ ಎಂಬ ತಿರುಗುವ ದಂಡವನ್ನು ತಬ್ಬಿ ಹಿಡಿಯುತ್ತವೆ. ನೋಡಲು ನಾಲ್ಕೂ ಒಂದೇ. ಆದರೆ ಕಾರ್ಖಾನೆಯಲ್ಲಿ ರಾಡು, ಕ್ಯಾಪು ಎರಡನ್ನೂ ಸೇರಿಸಿಯೇ ಕೊರೆದಿರುತ್ತಾರೆ. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಬಿಚ್ಚುವಾಗಲೇ ಗುರುತು ಹಾಕಿಕೊಳ್ಳಬೇಕು. ಡಾಕ್ಟರು ಹಾಕುವವನಲ್ಲ. ಟ್ರೇಯಲ್ಲಿ ಸಾಲಾಗಿಟ್ಟರೆ ಸಾಕು, ಉಳಿದದ್ದೆಲ್ಲ ತಲೆಯಲ್ಲಿದೆ ಅನ್ನುವ ಪೈಕಿ. ಅಮ್ಮ ಬೆರೆಸಿಟ್ಟದ್ದು ತಿಳಿಯದೆ ಬೆಳಿಗ್ಗೆ ಹಾಗೆಯೇ ಜೋಡಿಸಿ ಬಿಗಿದಿದ್ದ.

"ಅಮ್ಮಾ, ಟ್ರೇ ಮುಟ್ಬೇಡ ಅಂದಿದ್ದೆನಲ್ಲ?"

"ಟ್ರೇ ಎಲ್ಲೋ ಮುಟ್ಟಿದೆ? ಅದರಲ್ಲಿರೋದನ್ನ ತೊಳೆದೆ, ಅಷ್ಟೇ."

ಅವಳು ನಗು ತಡೆಯಲು ಬಾಗಿಲ ಕಡೆ ತಿರುಗಿದಳು. ನಗುವ ಹೊತ್ತಲ್ಲ ಅಂತ ಗೊತ್ತಿದ್ದರೂ ನಗು ಕೇಳಬೇಕಲ್ಲ.

"ತಲೆಯಲ್ಲಿತ್ತಲ್ಲ, ತಲೆಯನ್ನೂ ಅತ್ತೆ ತೊಳೆದುಬಿಟ್ರಾ?"

"ಉರಿಯೋದಕ್ಕೆ ಉಪ್ಪು ಹಾಕು ನೀನು."

ಹಳೆಯ ಮಾಡೆಲ್ಲು. ಬಿಡಿಭಾಗದ ಅಂಗಡಿಯವನಿಗೆ ಫೋನು ಮಾಡಿದರೆ ಅವನು ಸಂತಾಪ ಸೂಚಿಸುವ ದನಿಯಲ್ಲಿ, ಆ ರಾಡು ಬರುವುದೇ ನಿಂತುಹೋಗಿದೆ ಅಂದ. ಗುಜರಿಯವನ ಹತ್ತಿರ ಒಂದು ಬುಟ್ಟಿ ತುಂಬ ಇದ್ದವಂತೆ, ಅವೂ ಎಲ್ಲ ಬೆರಕೆ.

"ಸರಿ, ಇವನ್ನೇ ಬಿಚ್ಚಿ. ಒಂದೊಂದಾಗಿ ಕೂರಿಸಿ ನೋಡೋಣ" ಅಂದಳು ಅವಳು.

ನೆಲದ ಮೇಲೆ ಹಳೆಯ ಚಾದರ ಹಾಸಿದರು. ಅವನು ಎಲ್ಲ ಬಿಚ್ಚಿ, ಒಂದು ರಾಡಿಗೆ ಒಂದು ಕ್ಯಾಪು ಹಿಡಿದು, ಬೋಲ್ಟು ಬಿಗಿದು, ಕೂಡಿದ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ. ಜೋಡಿ ಸರಿಯಿದ್ದರೆ ಗೆರೆ ಸಿಗಬಾರದು. ತಪ್ಪಿದ್ದರೆ ಕೂದಲೆಳೆಯಷ್ಟು ಮೆಟ್ಟಿಲು ತಗಲುತ್ತದೆ. ಇಷ್ಟು ವರ್ಷ ಎಣ್ಣೆ, ಮರಳುಕಾಗದ ತಿಂದ ಅವನ ಬೆರಳಿಗೆ ಮೆಟ್ಟಿಲಿರಲಿ, ಮಹಡಿಯೂ ತಿಳಿಯುವಂತಿರಲಿಲ್ಲ.

"ಕೊಡಿ ಇಲ್ಲಿ" ಎಂದು ಅವಳು ಉಗುರು ಎಳೆದಳು. ಟಕ್ ಎಂದು ತಡೆಯಿತು. "ಇದಲ್ಲ."

ಇನ್ನೊಂದು. ಅದೂ ಅಲ್ಲ. ಮೂರನೆಯ ಕ್ಯಾಪಿಗೆ ಉಗುರು ನುಣ್ಣಗೆ ಜಾರಿತು. ಅತ್ತೆ ಪಕ್ಕದಲ್ಲೇ ಕೂತು, ಬೇಡವೆಂದರೂ, ಬೋಲ್ಟುಗಳನ್ನು ಒರೆಸಿ ಒರೆಸಿ ಕೊಡುತ್ತಿದ್ದರು. ಎರಡನೆಯ ಜೋಡಿಯ ಹತ್ತಿರ ಉಗುರು ತುಸು ಅನುಮಾನಿಸಿತು. "ನಡೆಯುತ್ತೆ ಬಿಡು" ಅಂದ ಅವನು. ಅವಸರದಲ್ಲಿ ಅವಳೂ ಬಿಟ್ಟಳು. ಮೂರನೆಯ ರಾಡಿಗೆ ಜೋಡಿ ಸಲೀಸಾಗಿ ಸಿಕ್ಕಿತು. ಕೊನೆಗೆ ಉಳಿದದ್ದು ಒಂದು ರಾಡು, ಒಂದು ಕ್ಯಾಪು. ಅವಳು ಉಗುರು ಎಳೆದಳು. ಟಕ್.

ಹೊರಗೆ ಬಿಸಿಲು ಗೋಡೆಯಿಂದ ಇಳಿದು ರಸ್ತೆಗೆ ಬಂದಿತ್ತು.

ಡಾಕ್ಟರು ಮೆಲ್ಲಗೆ ಅರ ಎತ್ತಿಕೊಂಡ. "ಒಂಚೂರು ಉಜ್ಜಿದ್ರೆ ಸರಿಹೋಗುತ್ತೆ. ಯಾರಿಗೂ ಗೊತ್ತಾಗಲ್ಲ."

ಸಂಜೆ ಹತ್ತಿರ ಬಂದಿತ್ತು. ಹೂಂ ಅಂದುಬಿಡಲು ಅವಳಿಗೂ ಆಸೆಯಾಯಿತು. ಹೂಂ ಅಂದರೆ ನಾಳೆ ವ್ಯಾನು ಹೊರಡುತ್ತದೆ. ಎಷ್ಟು ದಿನ ಓಡುತ್ತದೆ? ಎಲ್ಲಿ, ಯಾವ ಇಳಿಜಾರಿನಲ್ಲಿ, ಹಿಂದೆ ಅಷ್ಟು ಮಕ್ಕಳಿರುವಾಗ ಎಂಜಿನ್ ಬಿಗಿದು ನಿಂತುಬಿಡುತ್ತದೆ? ಅವಳು ಅವನ ಕೈಯಿಂದ ಅರವನ್ನು ತೆಗೆದು ಬೆನ್ನ ಹಿಂದೆ ಇಟ್ಟುಕೊಂಡಳು.

"ಬೇಡ ರೀ. ನಾಳೆ ಹೋಗದಿದ್ರೆ ಹಾಳಾಗಿ ಹೋಗ್ಲಿ. ಆ ಎರಡನೇದು ಬಿಚ್ಚಿ."

"ಅದು ಸರಿಯಿತ್ತಲ್ಲ?"

"ಸರಿಯಿತ್ತು ಅಂದೋರು ನೀವು. ನನ್ನ ಉಗುರು ಅನ್ನಲಿಲ್ಲ."

ಅವನು ಗೊಣಗುತ್ತಲೇ ಬಿಚ್ಚಿದ. ಎರಡನೆಯದರ ಕ್ಯಾಪು ನಾಲ್ಕನೆಯದಕ್ಕೆ, ನಾಲ್ಕನೆಯದರದು ಎರಡನೆಯದಕ್ಕೆ. ಅವಳು ಕಣ್ಣು ಮುಚ್ಚಿಕೊಂಡು ಉಗುರು ಎಳೆದಳು. ಒಂದು ಜಾರಿತು. ಇನ್ನೊಂದೂ ಜಾರಿತು, ಬೆಣ್ಣೆಯ ಮೇಲೆ ಎಳೆದ ಹಾಗೆ.

"ನಾನು ಮೊದಲೇ ಅಂದ್ಕೊಂಡಿದ್ದೆ" ಅಂದ ಡಾಕ್ಟರು.

"ಜೋರಾಗಿ ಅಂದ್ಕೋಬೇಕಿತ್ತು ಕಣೋ" ಅಂದರು ಅತ್ತೆ.

ಎಲ್ಲವನ್ನೂ ಮತ್ತೆ ಕೂರಿಸಿದಾಗ ಕ್ರ್ಯಾಂಕ್ ಒಂದೇ ಕೈಗೆ ತಿರುಗಿತು. ಮೇಲಿನ ಹೆಡ್ಡು ಬಿಗಿದು, ಎಂಜಿನ್ನನ್ನು ವ್ಯಾನಿಗೆ ಇಳಿಸಿ, ಎಣ್ಣೆ, ನೀರು ತುಂಬುವ ಹೊತ್ತಿಗೆ ಬೀದಿದೀಪ ಹತ್ತುತ್ತಿತ್ತು. ಮೊದಲ ಸ್ಟಾರ್ಟು ತನ್ನದೇ ಆಗಬೇಕೆಂದು ಅವನು ಮುಂದೆ ಬಂದ. ಅವಳು ಕೀಲಿಕೈ ಕೊಡಲಿಲ್ಲ. ವ್ಯಾನು ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಗುಡುಗುಡು ಎಂದು ಸ್ಟಾರ್ಟಾಯಿತು. ಗ್ಯಾರೇಜಿನ ತಗಡು ಅದುರಿತು.

ಅಷ್ಟರಲ್ಲೇ ಗುಮಾಸ್ತರ ಫೋನು.

"ಏನಮ್ಮಾ, ಸಂಜೆ ಆಯ್ತಲ್ಲ? ಹಲೋ? ಏನದು ಗಲಾಟೆ, ಏನೂ ಕೇಳಿಸ್ತಿಲ್ಲ!"

"ಅದೇ ಸಾರ್!" ಅವಳು ಗಂಟಲು ಕಿತ್ತುಹೋಗುವಂತೆ ಕೂಗಿ, ಫೋನನ್ನು ಎಂಜಿನ್ನಿನ ಹತ್ತಿರ ಹಿಡಿದಳು. "ಅದೇ ನಮ್ಮ ವ್ಯಾನು!"