ಇಲಿಮರಿಯ ಮೂವತ್ತೆಂಟು ಕಾಗದಗಳು

ಹೊಸ ಸೊಸೆಯಾಗಿದ್ದ ಕಾಲದಲ್ಲಿ ನಮ್ಮ ಅತ್ತೆಗೆ ಒಂದು ದಿನವೂ ಮೈಕೈ ನೋವು ಬಂದಿರಲಿಲ್ಲವಂತೆ. ನಸುಕಿನಲ್ಲೇ ಎದ್ದು ಹನ್ನೊಂದು ಜನರ ಬಟ್ಟೆ ಒಗೆಯುತ್ತಿದ್ದರಂತೆ. ಒಂದು ಸಲವಾದರೂ ಉಸ್ಸಪ್ಪಾ ಅಂದವರಲ್ಲವಂತೆ. ಈ ಅಂತೆಗಳನ್ನೆಲ್ಲ ಮದುವೆಯಾದ ಆರು ವರ್ಷಗಳಿಂದ ನಾನು ಬೆಳಗಿನ ಚಹಾದ ಜೊತೆಗೇ ನುಂಗುತ್ತ ಬಂದಿದ್ದೇನೆ.

ಹೋದ ತಿಂಗಳು ಒಂದನೇ ತಾರೀಖು ಅವರು ತೀರ್ಪು ಕೊಟ್ಟರು.

"ಈ ತಿಂಗಳು ಮುಗಿಯೋದ್ರೊಳಗೆ ಆ ಕೆಲಸ ಬಿಟ್ಬಿಡು. ಯಾರದೋ ಹಳೇ ಕಾಗದ ಓದೋದಕ್ಕೆ ಮನೆ ಬಿಟ್ಟು ಹೋಗ್ಬೇಕಾ?"

ನನ್ನ ಗಂಡ ಪೇಪರಿನ ಹಿಂದೆ ಅಡಗಿಕೊಂಡು, "ಅಮ್ಮ ಹೇಳೋದ್ರಲ್ಲೂ ಏನೋ ಇರುತ್ತೆ" ಎಂದರು. ಮಾವ ಎದ್ದು ಕುಂಡದ ಗಿಡಕ್ಕೆ ನೀರು ಹಾಕಲು ಹೋದರು. ಅಂದು ಆ ಗಿಡಕ್ಕೆ ಆಗಲೇ ಎರಡು ಸಲ ನೀರು ಬಿದ್ದಿತ್ತು.

ಆ ಕೆಲಸವೆಂದರೆ ನನಗೆ ಪ್ರಾಣ. ಗ್ರಂಥಾಲಯದ ಎರಡನೇ ಮಹಡಿಯಲ್ಲಿ ಹಿಂದಿನ ಹೆಂಗಸರ ಪತ್ರ, ದಿನಚರಿಗಳನ್ನು ಸ್ಕ್ಯಾನ್ ಮಾಡಿ, ಒಂದೊಂದು ಪುಟವನ್ನೂ ಓದಿ ಟೈಪು ಮಾಡುತ್ತೇವೆ. ನಮ್ಮ ಸ್ಕ್ಯಾನರಿನ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಅದಕ್ಕೆ ಮೇಲೊಂದು ದಪ್ಪ ನಿಘಂಟು ಹೇರಿದ್ದೇವೆ. ಟೈಪಾದ ಮೇಲೆ ಯಾವ ಮಾತು ಕೊಟ್ಟು ಹುಡುಕಿದರೂ ಆ ಮಾತಿರುವ ಪುಟಗಳೆಲ್ಲ ಪರದೆಯ ಮೇಲೆ ಸಾಲಾಗಿ ಬರುತ್ತವೆ. ಬೇಜಾರಾದಾಗ ನಾವು ಅವತ್ತಿನ ಮನೆಜಗಳವನ್ನೇ ಕೊಟ್ಟು ಹುಡುಕುತ್ತೇವೆ. ಅತ್ತೆ ಎಂದರೆ ನಾಲ್ಕು ಸಾವಿರ ಪುಟ. ಮಾವ ಎಂದರೆ ಮುನ್ನೂರು, ಅದರಲ್ಲಿ ಅರ್ಧ ಗೊರಕೆಯದೇ.

ತೀರ್ಪಿನ ದಿನವೂ ಹಾಗೇ ಹುಡುಕಲು ಕೂತೆ. ಅತ್ತೆ ಸಿಟ್ಟು ಬಂದಾಗ ಆಡುವ, ಅವರೊಬ್ಬರ ಬಾಯಲ್ಲಿ ಮಾತ್ರ ನಾನು ಕೇಳಿದ ಒಂದು ಮಾತಿದೆ. ಅದನ್ನೇ ಕುಟ್ಟಿದೆ: ಸೇತುವೆಯ ಕಂಬ.

ಬಂದದ್ದು ಒಂದೇ ಪುಟ. ಐವತ್ತು ವರ್ಷದ ಹಿಂದೆ ಯಾರೋ ಗೆಳತಿಗೆ ಬರೆದ ಕಾಗದ.

"ಬೆಕ್ಕಣ್ಣೀ, ಹನ್ನೊಂದು ಜನರ ಬಟ್ಟೆ! ನನ್ನ ಸೊಂಟವೇನು ಸೇತುವೆಯ ಕಂಬವೇ? ನಿನ್ನೆ ಎಡಗಿವಿ ನೋವೆಂದು ಮಲಗಿಬಿಟ್ಟೆ. ಜ್ವರವೆಂದರೆ ಹಣೆ ಮುಟ್ಟಿ ನೋಡುತ್ತಾರೆ, ಕಿವಿಯೊಳಗೆ ಯಾರು ಇಣುಕುತ್ತಾರೆ? ಅಟ್ಟದಲ್ಲಿ ಕೂತು ಕಾದಂಬರಿ ಮುಗಿಸಿದೆ. ಬರುವ ವಾರ ಕಣ್ಣುರಿ, ಅದರ ಮುಂದಿನ ವಾರ ಸೊಂಟ ಹಿಡಿಯುವುದು. ಇಂತಿ, ನಿನ್ನ ಇಲಿಮರಿ."

ಚೀಲದಲ್ಲಿ ಅತ್ತೆ ಬರೆದುಕೊಟ್ಟ ಚೀಟಿಯಿತ್ತು: ಸೋಪು, ಸೂಜಿ, ಈರುಳ್ಳಿ. ಪರದೆಯ ಪಕ್ಕದಲ್ಲಿ ಹಿಡಿದು ನೋಡಿದೆ. ಅದೇ ಉದ್ದ ಬಾಲದ ಅಕ್ಷರ, ಅದೇ ಎಡಕ್ಕೆ ವಾಲುವ ಸಾಲು. ನಾನು ಮೇಜು ಕುಟ್ಟಿಕೊಂಡು ನಕ್ಕ ರಭಸಕ್ಕೆ ನಿಘಂಟು ಕೆಳಗೆ ಬಿತ್ತು.

ಇಲಿಮರಿಯ ಕಾಗದಗಳು ಒಟ್ಟು ಮೂವತ್ತೆಂಟಿದ್ದವು. ಪ್ರಿಂಟು ತೆಗೆದು ಊಟದ ಹೊತ್ತಿಗೆ ಎಲ್ಲರೆದುರು ಓದಬಹುದಿತ್ತು. ಆದರೆ ಗುರುವಿನ ವಿದ್ಯೆಯನ್ನು ಗುರುವಿನ ಮೇಲೇ ಪ್ರಯೋಗಿಸುವ ಸುಖವೇ ಬೇರೆ. ಮೊದಲ ಭಾನುವಾರ ನನಗೆ ಎಡಗಿವಿ ನೋವು ಬಂತು. ಅತ್ತೆ ಹುಬ್ಬು ಗಂಟಿಕ್ಕಿದರು. ಎರಡನೇ ಭಾನುವಾರ ಕಣ್ಣುರಿ. ಅತ್ತೆ ಬಾಗಿಲಲ್ಲಿ ತುಂಬ ಹೊತ್ತು ನಿಂತಿದ್ದರು. ಮೂರನೇ ಭಾನುವಾರ ಸೊಂಟದ ಮೇಲೆ ಕೈ ಇಟ್ಟೆ, ಇನ್ನೂ ಬಾಯಿ ತೆರೆದಿರಲಿಲ್ಲ.

"ಸೊಂಟ ಹಿಡ್ಕೊಳ್ತಾ?" ಎಂದರು ಅತ್ತೆ.

ನನ್ನ ಬುದ್ಧಿಗಿಷ್ಟು! ಅದೇ ಸರದಿಯಲ್ಲಿ ಹೋಗಬೇಕೆಂದು ಯಾರು ಹೇಳಿದ್ದರು?

"ಎಲ್ಲಿ ಸಿಕ್ತು ನಿನಗೆ ಇದು?"

"ಆಫೀಸಲ್ಲಿ ಅತ್ತೆ."

ಅವರ ಮುಖ ಸಪ್ಪಗಾಯಿತು. ಮರುದಿನ ಹನ್ನೊಂದಕ್ಕೆ ನೀಟಾಗಿ ತಲೆ ಬಾಚಿಕೊಂಡು, ಕೊಡೆ ಹಿಡಿದು, ನಮ್ಮ ಎರಡನೇ ಮಹಡಿಯಲ್ಲಿ ಹಾಜರ್.

ಮೇಲ್ವಿಚಾರಕಿ ತಲೆಯ ಮೇಲೇ ಇದ್ದ ಕನ್ನಡಕವನ್ನು ಮೇಜಿನ ಮೇಲೆಲ್ಲ ಹುಡುಕುತ್ತಿದ್ದರು. ಅತ್ತೆ ಅವರಿಗೆ, "ನಿಮ್ಮ ಹತ್ರ ಒಂದು ಮಾತು ಆಡೋದಿದೆ, ನನ್ನ ಸೊಸೆ ವಿಷಯ" ಎಂದರು. ತಿಂಗಳು ಮುಗಿಯಲು ಇನ್ನು ಎಂಟು-ಹತ್ತೇ ದಿನ. ಹುಡುಗಾಟ ಆಡಲು ಹೋಗಿ ಕೆಲಸವನ್ನು ನಾನೇ ಕಳೆದುಕೊಂಡೆ ಅನ್ನಿಸಿ ಅಳು ಬಂತು.

"ಮೊದಲು ಅದನ್ನ ತೋರ್ಸು" ಎಂದು ಅತ್ತೆ ನನ್ನ ಕುರ್ಚಿಯಲ್ಲೇ ಕೂತರು. "ಇದನ್ನೆಲ್ಲ ಯಾರ್ಯಾರು ಓದಿದಾರೆ?"

"ಓದಿದ್ರೂ ಅವರಿಗೆ ಇಲಿಮರಿ ಯಾರು ಅಂತ ಗೊತ್ತಾಗಲ್ಲ ಅತ್ತೆ."

ಒಂದು, ಎರಡು, ಹತ್ತು. ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತ ಓದಿದರು. ಕೊನೆಯದಕ್ಕೆ ಬಂದಾಗ ನಗು ನಿಂತಿತು.

"ಕಿವಿನೋವಿನ ಗುಟ್ಟನ್ನು ನಿನ್ನ ಗಂಡನಿಗೆ ಹೇಳಿಬಿಟ್ಟೆಯಾ? ಮೊನ್ನೆ ಮದುವೆಮನೆಯಲ್ಲಿ ಅವರು ಎಲ್ಲರೆದುರು 'ಕಿವಿ ಹೇಗಿದೆ' ಎಂದು ಕೇಳಿ ನಕ್ಕರು. ಇನ್ನು ನನಗೆ ಕಾಗದ ಬರೆಯಬೇಡ."

"ಅವಳೂ ಬರೀಲೇ ಇಲ್ಲ ನೋಡು" ಎಂದರು ಅತ್ತೆ. "ಎಲ್ಲಾ ಒಲೆಗೆ ಹಾಕಿರ್ತಾಳೆ ಅಂದ್ಕೊಂಡಿದ್ದೆ. ಒಂದೂ ಬಿಡದೆ ಇಟ್ಕೊಂಡಿದಾಳಲ್ಲೇ!"

ನಾನು ಮುಂದಿನ ಚಿತ್ರ ತೆರೆದೆ. ನಾವು ಕಾಗದದ ಜೊತೆ ಲಕೋಟೆಯ ಎರಡೂ ಬದಿಯನ್ನೂ ಸ್ಕ್ಯಾನ್ ಮಾಡುತ್ತೇವೆ. ಲಕೋಟೆಯ ಹಿಂದೆ ಬೇರೆ ಕೈಬರಹದಲ್ಲಿ, ಅಡಿಗೆ ಎರಡು ಗೆರೆ ಎಳೆದು, ಎರಡೇ ಪದ ಬರೆದಿತ್ತು: ಉತ್ತರ ಬರೆಯಬೇಕು.

ಅತ್ತೆ ಕಣ್ಣೊರೆಸಿಕೊಂಡರು. ಆಮೇಲೆ ಮೂಗೊರೆಸಿಕೊಂಡರು. ಆಮೇಲೆ, "ಸೋಮಾರಿ ಮುಂಡೇದು! ಐವತ್ತು ವರ್ಷದಿಂದ ಬರೀಬೇಕು, ಬರೀಬೇಕು!" ಎಂದು ಬೈದರು. "ಇನ್ನೂ ಬದುಕಿದಾಳಾ?"

ಮೇಲ್ವಿಚಾರಕಿ ದಾಖಲೆ ನೋಡಿ, "ಹೋದ ವರ್ಷ ಅವರೇ ತಂದು ಕೊಟ್ಟಿದ್ದು. ವಿಳಾಸ ಹೇಳೋ ಹಾಗಿಲ್ಲ. ನೀವು ಬರೆದುಕೊಟ್ರೆ ನಾವು ಕಳಿಸ್ತೀವಿ" ಎಂದರು. "ಅದಿರ್ಲಿ, ಸೊಸೆ ವಿಷಯ ಏನೋ ಹೇಳ್ಬೇಕು ಅಂದ್ರಲ್ಲ?"

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಸಂಜೆ ಐದಕ್ಕೇ ಬಿಟ್ಬಿಡ್ತೀರಂತೆ ಇವಳನ್ನ. ಇಷ್ಟೊಂದು ಕಾಗದ ಯಾವಾಗ ಓದಿ ಮುಗಿಸೋದು? ಆರರವರೆಗೂ ಕೂರಿಸ್ಕೊಳಿ."

ನನ್ನಿಂದ ಒಂದು ಹಾಳೆ, ಪೆನ್ನು ಕಿತ್ತುಕೊಂಡು 'ಬೆಕ್ಕಣ್ಣೀ' ಎಂದು ಬರೆದರು. ಆಮೇಲೆ ಮನೆಗೆ ಫೋನು ಹಚ್ಚಿದರು.

"ರೀ, ಎಡಗಿವಿ ಸಿಡೀತಿದೆ. ಬರೋದು ತಡ. ಅಡುಗೆ ನೀವೇ ಮಾಡ್ಕೊಳಿ."

ಆ ಕಡೆಯಿಂದ ಮಾವನ ಧ್ವನಿ ನನಗೂ ಕೇಳಿಸಿತು.

"ಆಗ್ಲಿ ಕಣೆ. ಮುಂದಿನ ವಾರ ಕಣ್ಣುರಿ ತಾನೇ?"