ಕಪಾಟಿನಲ್ಲಿಟ್ಟ ಬ್ಯಾಟರಿ

ನನ್ನ ಉಮ್ಮ ಸಾಲಿಹಾ ಅವರ ಕಾನೂನೇ ಬೇರೆ. ಗಲ್ಫಿನಿಂದ ಬಂದದ್ದೆಲ್ಲ ಕಪಾಟಿಗೇ ಹೋಗಬೇಕು. ಸಾಬೂನು, ಅತ್ತರು, ಕಂಬಳಿ, ಯಾವುದನ್ನೂ ಮುಟ್ಟುವ ಹಾಗಿಲ್ಲ. ತಮ್ಮ ಅಸ್ಕರ್ ದಮ್ಮಾಮಿನಿಂದ ಲ್ಯಾಪ್‌ಟಾಪ್ ಕಳಿಸಿದಾಗ, "ಯಾವಾಗಲೂ ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಹಾಳಾಗ್ತದೆ" ಎಂದು ಫೋನಿನಲ್ಲಿ ಹೇಳಿಬಿಟ್ಟ. ಅಷ್ಟೇ ಸಾಕಾಯಿತು. ಉಮ್ಮ ಬ್ಯಾಟರಿಯನ್ನೇ ಕಳಚಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಪಾಟಿಗೆ ಸೇರಿಸಿದರು. ಮಗ ಬಂದಾಗ ಅದು ಹೊಸದಾಗಿಯೇ ಇರಬೇಕಂತೆ! ನಾನು ಜಗಳ ಮಾಡಿ ಸೋತೆ. ವಯರು ಸಿಕ್ಕಿಸಿಕೊಂಡೇ ತಮ್ಮನ ಜೊತೆ ಮಾತಾಡುತ್ತಿದ್ದೆ.

ಉಮ್ಮ ಒಂದು ದಿನವೂ ಅದರ ಮುಂದೆ ಕೂರಲಿಲ್ಲ. "ಪರದೆಯಲ್ಲಿ ಎಂಥ ನೋಡುವುದು ಶಮ್ನಾ? ಅವ ಬಂದಾಗ ಕಣ್ತುಂಬ ನೋಡ್ತೇನೆ" ಎನ್ನುತ್ತಿದ್ದರು. ಹೀಗೆಯೇ ಐದು ವರ್ಷ ಕಳೆಯಿತು.

ಅವನು ಬರಲಿಲ್ಲ. ಕೆಲಸದ ಜಾಗದಲ್ಲಿ ಎದೆ ಹಿಡಿದುಕೊಂಡು ಬಿದ್ದವನು ಏಳಲೇ ಇಲ್ಲ. ದಫನವೂ ಅಲ್ಲಿಯೇ ಎಂದಾಯಿತು. ಅವನ ಜೊತೆ ಒಂದೇ ಕೋಣೆಯಲ್ಲಿದ್ದ ಅಶ್ರಫ್, ಕ್ಯಾಮೆರಾದಲ್ಲಿ ಮುಖ ತೋರಿಸುತ್ತೇನೆ ಎಂದಿದ್ದ. ಮಧ್ಯಾಹ್ನದ ಮೇಲೆ ಉಮ್ಮನನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿದೆವು.

ಪರದೆಯಲ್ಲಿ ಅಶ್ರಫ್ ಕಾಣಿಸಿಕೊಂಡ. "ಉಮ್ಮ, ಈಗ ಬಟ್ಟೆ ಸರಿಸ್ತೇನೆ" ಎಂದ.

ಕರೆಂಟ್ ಹೋಯಿತು.

ಇದರ ತಲೆ ಸಿಡಿಯ! ನಮ್ಮ ಊರು ತೋಡಾರಿನಲ್ಲಿ ಎಲ್ಲಿಯೂ ಕರೆಂಟಿಲ್ಲ. ನೆಟ್ ನನ್ನ ಗುಂಡಿ ಮೊಬೈಲಿನದು, ಅದರಲ್ಲಿ ಮುಖ ನೋಡುವ ಹಾಗಿಲ್ಲ; ಲ್ಯಾಪ್‌ಟಾಪಿಗೆ ಬ್ಯಾಟರಿ ಒಂದಿದ್ದರೆ ಸಾಕಿತ್ತು. ಉಮ್ಮ ಗಾಬರಿಯಾಗಲಿಲ್ಲ. "ಹೊಸದು ಉಂಟಲ್ಲ" ಎಂದು ಸೊಂಟದಿಂದ ಬೀಗದ ಕೈ ತೆಗೆದುಕೊಟ್ಟರು. ನಾನು ಓಡಿದೆ. ನಿಜಕ್ಕೂ ಹೊಸದೇ, ಒಂದು ಗೀರೂ ಇರಲಿಲ್ಲ. ನನ್ನ ಗಂಡ ಅಬ್ದುಲ್ ಶುಕೂರ್ ಅದನ್ನು ಲ್ಯಾಪ್‌ಟಾಪಿನ ಅಡಿಗೆ ಕೂರಿಸಿ ಗುಂಡಿ ಒತ್ತಿದರು. ಮತ್ತೆ ಒತ್ತಿದರು. ಒಂದು ದೀಪವೂ ಹೊತ್ತಲಿಲ್ಲ.

"ಚಾರ್ಜು ಮಾಡದೆ ಇಷ್ಟು ವರ್ಷ ಇಟ್ಟರೆ ಅದು ತನ್ನಷ್ಟಕ್ಕೇ ಸಾಯ್ತದೆ" ಎಂದರು ಮೆಲ್ಲಗೆ.

ನನಗೆ ಮೈಯೆಲ್ಲ ಉರಿದುಹೋಯಿತು. "ಇಟ್ಟುಕೊಳ್ಳಿ ಉಮ್ಮ! ಇನ್ನೂ ಇಟ್ಟುಕೊಳ್ಳಿ ಕಪಾಟಿನಲ್ಲಿ!" ಎಂದು ಕಿರುಚಿದೆ. ಉಮ್ಮ ಕಪ್ಪು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಈಗ ಬರ್ತಾನೆ, ಈಗ ಬರ್ತಾನೆ ಎನ್ನುತ್ತಲೇ ಇದ್ದರು.

"ಪಕ್ಕದ ಸಂಕಪ್ಪಣ್ಣನ ಮನೆಯಲ್ಲಿ ಇನ್ವರ್ಟರ್ ಉಂಟು, ಉಮ್ಮನನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋಗುವ" ಎಂದು ಗಂಡ ಬಗ್ಗಿದಾಗ ನನ್ನ ಮೊಬೈಲು ರಿಂಗಾಯಿತು. ಅಶ್ರಫ್.

"ಇಲ್ಲಿ ದಫನಕ್ಕೆ ಒಯ್ಯುವ ಗಾಡಿಯವರು ನಿಲ್ಲುವುದಿಲ್ಲ ಅಂತಾರೆ. ಇನ್ನು ಕಾಯ್ಲಿಕ್ಕೆ ಆಗುವುದಿಲ್ಲ."

ಸ್ಪೀಕರ್ ಹಾಕಿ ಫೋನನ್ನು ಉಮ್ಮನ ಬಾಯಿಯ ಹತ್ತಿರ ಹಿಡಿದೆ. ಬೇರೆ ಏನು ಮಾಡಲಿ, ಕೈಯಲ್ಲಿ ಇದ್ದದ್ದು ಅದೊಂದೇ.

"ಅಶ್ರಫ್, ನೀನು ಅವನ ಹತ್ತಿರವೇ ಇದ್ದೀಯಾ?"

"ಇದ್ದೇನೆ ಉಮ್ಮ."

"ಗಡ್ಡ ನರೆತಿದೆಯಾ?"

"ಸ್ವಲ್ಪ. ಗಲ್ಲದ ಹತ್ತಿರ."

"ಹಣೆ ಮೇಲೆ ಕೈ ಇಡು. ಉಮ್ಮನ ಕೈ ಅಂತ ಹೇಳಿ ಇಡು."

"ಇಟ್ಟೆ ಉಮ್ಮ."

ಉಮ್ಮ ಬಲಗೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದಿದ್ದರು.

"ಬಿಸಿ ಉಂಟಾ?" ಎಂದು ಕೇಳಿದರು.

ಆ ಕಡೆಯಿಂದ ಅಶ್ರಫ್ ಅಳುವುದಷ್ಟೇ ಕೇಳುತ್ತಿತ್ತು.